ಜಾಫ್ನಾದ ಆಸ್ಪತ್ರೆ ಮತ್ತು ನಮ್ಮ ಮೌನ

ಶ್ರೀಲಂಕಾದ ಜಾಫ್ನಾ ಎಂದೊಡನೆ ನಮ್ಮಲ್ಲಿ ಪುಸ್ತಕ ಪ್ರೀತಿಸುವವರಿಗೆ ನೆನಪಾಗುವುದು 1981ರ ಬೆಂಕಿ. ಮೇ-ಜೂನ್ ಸಂದಿಯ ಆ ರಾತ್ರಿಗಳಲ್ಲಿ ಪೊಲೀಸರೂ ಪುಂಡರೂ ಸೇರಿ ಅಲ್ಲಿನ ಗ್ರಂಥಾಲಯವನ್ನು ಸುಟ್ಟರು. ತಾಳೆಗರಿಗಳೂ ಸೇರಿ ಸುಮಾರು 97,000 ಗ್ರಂಥಗಳು ಬೂದಿಯಾದವು. ಆ ಗ್ರಂಥಾಲಯ ರೂಪುಗೊಳ್ಳುವಾಗ ಸಲಹೆ ಕೊಟ್ಟವರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಒಬ್ಬರು, ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಇಲ್ಲೇ ತೀರಿಕೊಂಡವರು. ಹಾಗಾಗಿ ನಮ್ಮ ಮರುಕಕ್ಕೆ ನಂಟೂ ಇದೆ. ಬೇರೆಯವರು ಹಚ್ಚಿದ ಬೆಂಕಿಗೆ ಮರುಗುವುದು ಕಷ್ಟವೇನೂ ಅಲ್ಲ.

ಈ ಊರು ನೋಡದ ದಂಡಿಲ್ಲ. 1619ರಲ್ಲಿ ಪೋರ್ಚುಗೀಸರು ಇಲ್ಲಿನ ತಮಿಳು ಅರಸೊತ್ತಿಗೆಯನ್ನು ಮುಗಿಸಿದರು, ಮುಂದೆ ನಲ್ಲೂರಿನ ಕಂದಸ್ವಾಮಿ ಗುಡಿಯನ್ನು ಕೆಡವಿದರು. ಡಚ್ಚರು ಬಂದು ಕೋಟೆ ಬಲಪಡಿಸಿದರು. ಇಂಗ್ಲಿಷರು ಬಂದರು. ಆಮೇಲೆ, 1987ರಲ್ಲಿ, ಶಾಂತಿ ಪಾಲಕರೆಂಬ ಹೆಸರಿಟ್ಟುಕೊಂಡು ನಾವು ಹೋದೆವು.

ಆ ವರ್ಷದ ಅಕ್ಟೋಬರ್ 21, ದೀಪಾವಳಿ. ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ತಮಿಳು ಹುಲಿಗಳ (ಎಲ್‌ಟಿಟಿಇ) ಮೇಲೆ ಯುದ್ಧಕ್ಕಿಳಿದಿದ್ದ ಭಾರತೀಯ ಪಡೆ ಅಂದು ಸಂಜೆಯ ಹೊತ್ತಿಗೆ ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿ ಗುಂಡು ಹಾರಿಸಿತು. ಬದುಕುಳಿದವರು ಇರುಳಿಡೀ ಹೆಣಗಳ ನಡುವೆ ಹೆಣದಂತೆ ಬಿದ್ದಿದ್ದರು. ಮರುದಿನ ಬೆಳಿಗ್ಗೆ ಮಕ್ಕಳ ವೈದ್ಯರೊಬ್ಬರು ದಾದಿಯರನ್ನು ಕರೆದುಕೊಂಡು, ಎರಡೂ ಕೈ ಮೇಲೆತ್ತಿ, ನಾವು ವೈದ್ಯರು, ದಾದಿಯರು ಎಂದು ಕೂಗುತ್ತಾ ಹೊರಬಂದರು. ಅವರನ್ನೂ ಗುಂಡಿಟ್ಟು ಕೊಂದರೆಂದು ಜೊತೆಗಿದ್ದವರು ಹೇಳಿದ್ದಾರೆ. ಸತ್ತವರು ಅರವತ್ತಕ್ಕೂ ಹೆಚ್ಚು, ಅವರಲ್ಲಿ 21 ಮಂದಿ ಆಸ್ಪತ್ರೆಯ ಸಿಬ್ಬಂದಿ. ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿ ಸತ್ತರು ಎಂಬುದು ನಮ್ಮ ಸೇನೆಯ ವಿವರಣೆ. ಕೈ ಎತ್ತಿ ಬಂದವರಿಗೆ ಆ ವಿವರಣೆ ಹೊಂದುವುದಿಲ್ಲ.

ನಮ್ಮ ಯೋಧರೂ ಸತ್ತರಲ್ಲವೇ ಎನ್ನುವಿರಿ. ಹೌದು, ಸಾವಿರಕ್ಕೂ ಹೆಚ್ಚು. ಗೊತ್ತುಗುರಿಯಿಲ್ಲದ ಆದೇಶಕ್ಕೆ ಬಲಿಯಾದ ಹುಡುಗರು. ಹುಲಿಗಳೇನು ಸಾಚಾ ಆಗಿದ್ದರೇ? ಇಲ್ಲ. 1990ರ ಅಕ್ಟೋಬರಿನಲ್ಲಿ ಅವರು ಜಾಫ್ನಾದ ಮುಸ್ಲಿಮರಿಗೆ ಕೆಲವೇ ಗಂಟೆಗಳ ಗಡುವು ಕೊಟ್ಟು, ಒಡವೆ ವಸ್ತು ಕಿತ್ತುಕೊಂಡು, ಊರು ಬಿಡಿಸಿದರು. ಅದು ಹುಲಿಗಳ ಪಾಪ. ಅದರಿಂದ ನಮ್ಮದು ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು.

ಈ ಮಾತನ್ನು ಪ್ರಾಣ ಪಣಕ್ಕಿಟ್ಟು ಆಡಿದವರು ರಜನಿ ತಿರಣಗಾಮ, ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದವರು. ಒಮ್ಮೆ ಹುಲಿಗಳ ಜೊತೆಗಿದ್ದವರೇ ಅವರ ಹಿಂಸೆಯನ್ನೂ, ಸರ್ಕಾರದ್ದನ್ನೂ, ನಮ್ಮದನ್ನೂ ಒಂದೇ ನಿಷ್ಠುರದಿಂದ ದಾಖಲಿಸಿದರು. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದವರನ್ನು ಕೊಂದರು. ಹುಲಿಗಳೇ ಕೊಂದದ್ದೆಂದು ಅವರ ಒಡನಾಡಿಗಳ ಆರೋಪ. ತನ್ನವರ ತಪ್ಪನ್ನು ತಾನೇ ಬರೆದವರಿಗೆ ಸಿಕ್ಕ ಕೂಲಿ ಅದು. ನಾವು ಬರೆದರೆ ನಮಗೆ ಆಗುವ ನಷ್ಟವಾದರೂ ಏನು?

ಜಾಫ್ನಾದ ಅಂಚಿನ ಚೆಮ್ಮಣಿಯಲ್ಲಿ 2025ರಲ್ಲಿ ನೆಲ ಅಗೆದಾಗ ಇನ್ನೂರಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕವು, ಎಳೆಯ ಮಕ್ಕಳವೂ ಇದ್ದವು. ಆರೋಪ ಶ್ರೀಲಂಕಾ ಸೇನೆಯ ಮೇಲಿದೆ, ಕೊಲಂಬೊ ಉತ್ತರ ಹೇಳಲೇಬೇಕು. ಆದರೆ ದೆಹಲಿ ತನ್ನ ಆಸ್ಪತ್ರೆಯ ಕಡತ ಮುಚ್ಚಿಟ್ಟುಕೊಂಡು ಅದನ್ನು ಕೇಳಿದರೆ, ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಿದ ಹಾಗಾದೀತು.

ಪ್ರತಿ ಅಕ್ಟೋಬರ್ 21ಕ್ಕೆ ಆ ಆಸ್ಪತ್ರೆಯ ಸಿಬ್ಬಂದಿ ಸತ್ತ ಸಹೋದ್ಯೋಗಿಗಳ ಪಟಗಳಿಗೆ ಹೂವಿಡುತ್ತಾರೆ. ಭಾರತ ಇದುವರೆಗೆ ಅವರ ಕ್ಷಮೆ ಕೇಳಿಲ್ಲ. ಕನ್ನಡದ ವೈದ್ಯರೇ, ದಾದಿಯರೇ, ಇದನ್ನು ಮೊದಲು ಕೇಳಬೇಕಾದವರು ನೀವು. ನಿಮ್ಮ ಸಂಘದ ಮುಂದಿನ ಸಭೆಯಲ್ಲೇ ಒಂದು ಠರಾವು ಮಾಡಿ. ಉಳಿದವರು ನಿಮ್ಮ ಸಂಸದರಿಗೆ ಕಾಗದ ಬರೆಯಿರಿ. ಆ ಎರಡು ದಿನಗಳ ಕಡತ ಸಂಸತ್ತಿನ ಮುಂದೆ ಬರಲಿ, ಸತ್ತವರ ಮನೆಯವರಿಗೆ ಪರಿಹಾರ ಸಿಗಲಿ, ಮುಂದಿನ ಅಕ್ಟೋಬರ್ 21ರಂದು ಭಾರತದ ಪ್ರತಿನಿಧಿ ಆ ಪಟಗಳ ಮುಂದೆ ನಿಂತು ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳಲಿ.