ಠಾಣೆಯಲ್ಲಿರುವ ಕೋವಿ

‘ಹಲಗಲಿಯ ಬೇಡರು’ ಲಾವಣಿಯನ್ನು ನಿಮ್ಮಲ್ಲಿ ಅನೇಕರು ಕನ್ನಡ ಪಠ್ಯದಲ್ಲಿ ಓದಿರುತ್ತೀರಿ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ತಂದಾಗ ಬೇಡರು ತಿರುಗಿಬಿದ್ದ ಕಥೆ ಅದು. 2024ರ ಜೂನ್ ಮೊದಲ ವಾರದಲ್ಲಿ, ಶಾಲೆ ಆಗಷ್ಟೇ ಆರಂಭವಾಗಿದ್ದಾಗ, ನನ್ನ ಅವಧಿಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ತೂಕಡಿಸುತ್ತಿದ್ದ. ಎಬ್ಬಿಸಿ ಕಾರಣ ಕೇಳಿದೆ.

“ರಾತ್ರಿಯೆಲ್ಲ ಅಪ್ಪನ ಜೊತೆ ಹೊಲದಲ್ಲಿ ಡಬ್ಬ ಬಡೀತಿದ್ದೆ ಸಾರ್. ನಮ್ಮ ಕೋವಿ ಇನ್ನೂ ಸ್ಟೇಷನ್ನಲ್ಲೇ ಐತೆ” ಎಂದ. ಸ್ವಲ್ಪ ತಡೆದು, “ಆ ಹಲಗಲಿ ಕಾಯ್ದೆ ಈಗಲೂ ಐತಾ ಸಾರ್?” ಎಂದೂ ಕೇಳಿದ. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ.

ಅವರದು ಶಿಕಾರಿಪುರದ ಕಡೆಯ ಮೆಕ್ಕೆಜೋಳದ ಹೊಲ. ಜೂನ್ ಬಿತ್ತನೆಯ ಕಾಲ. ಕಾಡುಹಂದಿ ಬಿತ್ತಿದ ಸಾಲನ್ನೇ ಹಿಡಿದು, ಮೂತಿಯಿಂದ ಕೆದಕಿ, ಕಾಳು ಹೆಕ್ಕಿ ತಿನ್ನುತ್ತದೆ. ಒಂದು ರಾತ್ರಿ ಸಾಕು, ಮತ್ತೆ ಬೀಜ ಕೊಳ್ಳಬೇಕು. ಆ ವರ್ಷ ಶಿವಮೊಗ್ಗ ಕ್ಷೇತ್ರದಲ್ಲಿ ಮೇ 7ರಂದು ಮತದಾನ, ಜೂನ್ 4ರಂದು ಎಣಿಕೆ. ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ. ಆಗ ಠಾಣೆ ಸೇರಿದ ಕೋವಿ ಫಲಿತಾಂಶವಾಗಿ ವಾರ ಕಳೆಯುವವರೆಗೆ ಅಲ್ಲೇ.

ಬ್ರಿಟಿಷರ 1878ರ ಶಸ್ತ್ರ ಕಾಯ್ದೆ ಹೋಗಿ ನಮ್ಮದೇ ಸಂಸತ್ತು 1959ರಲ್ಲಿ ಹೊಸದನ್ನು ಮಾಡಿತು. 1962ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಬಂದೂಕು, ಮದ್ದುಗುಂಡು ಸಂವಿಧಾನದ ಕೇಂದ್ರ ಪಟ್ಟಿಯ 5ನೆಯ ವಿಷಯ. ಆದ್ದರಿಂದ ಕಾನೂನು ದೆಹಲಿಯದು, ಲೈಸೆನ್ಸ್ ಬರೆಯುವ ಕೈ ಜಿಲ್ಲಾಧಿಕಾರಿಯದು. ನಮ್ಮ ರೈತರಲ್ಲಿ ಬಹುಮಂದಿ ಲೈಸೆನ್ಸ್ ಎಂದರೆ ಸಾಹೇಬರ ಕೃಪೆ ಎಂದುಕೊಂಡಿದ್ದಾರೆ. 13ನೆಯ ಕಲಮು ಹಾಗೆ ಹೇಳುವುದಿಲ್ಲ. ನಿಜವಾದ ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಕೇಪಿನ ಕೋವಿ ಕೇಳಿದರೆ, ನಿರಾಕರಿಸಲು ಕಾಯ್ದೆಯೇ ಹೇಳಿದ ಕಾರಣವಿಲ್ಲದಿದ್ದರೆ, ಲೈಸೆನ್ಸ್ ಕೊಡತಕ್ಕದ್ದು ಎಂದೇ ಅದರ ಮಾತು. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೂ ಕೊಡಬಹುದು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಇಲ್ಲ ಎನ್ನುವಂತಿಲ್ಲ. ಎರಡು ಎಕರೆಯವನಿಗೂ ಇದು ಅನ್ವಯ. ಇಲ್ಲ ಎಂದರೆ ಕಾರಣವನ್ನು ಬರೆದು ದಾಖಲಿಸಬೇಕು, ಮೇಲ್ಮನವಿಗೂ ದಾರಿಯಿದೆ.

ಚುನಾವಣೆಯ ವಿಷಯವೂ ಹೀಗೆಯೇ. ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಕಸಿಯಿರಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಬಾಂಬೆ ಹೈಕೋರ್ಟಿನ ತೀರ್ಪಿನ ನಂತರ 2009ರಲ್ಲಿ ಅದು ಕೊಟ್ಟ ಸೂಚನೆಯಂತೆ ಪ್ರತಿ ಜಿಲ್ಲೆಯಲ್ಲೂ ಪರಿಶೀಲನಾ ಸಮಿತಿಯಿರಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿದವರು ಯಾರೆಂದು ಅದು ನೋಡಬೇಕು. ಆದರೆ ಹಳ್ಳಿಗೆ ಮುಟ್ಟುವುದು ಮಾತ್ರ “ನಾಳೆಯೊಳಗೆ ತಂದಿಡಿ” ಎಂಬ ಒಂದೇ ಸಾಲು. ಹಂದಿಗೆ ನೀತಿಸಂಹಿತೆ ಇಲ್ಲವಲ್ಲ! ವಿನಾಯಿತಿ ಬೇಕಾದವರು ಬೆಳೆಯ ವಿವರದೊಡನೆ ಆ ಸಮಿತಿಗೆ ಅರ್ಜಿ ಬರೆಯಬೇಕು. ಬರೆಯಲು ಬಾರದ ತಂದೆಗೆ ಹತ್ತನೆಯ ತರಗತಿಯ ಮಗ ಬರೆದುಕೊಡಬಹುದು. ಪತ್ರಲೇಖನವನ್ನು ಮತ್ತೇಕೆ ಕಲಿಸುತ್ತೇವೆ?

ಕೊಡಗಿನವರ ಮಾತು ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಅಷ್ಟನ್ನು ನಾವು ಕೇಳುತ್ತಿಲ್ಲ.

2019ರಲ್ಲೇ ಕಾಯ್ದೆಗೆ ತಿದ್ದುಪಡಿ ಬಂತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದು ಒಳ್ಳೆಯದಾಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು. ಒಂದೇ ಇರುವ ನಮ್ಮವರಿಗೆ ಅದರಿಂದ ನಷ್ಟವಿಲ್ಲ. ಲೈಸೆನ್ಸಿಲ್ಲದೆ ಇಟ್ಟುಕೊಂಡರೆ ಮಾತ್ರ ಶಿಕ್ಷೆ ಈಗ ಕನಿಷ್ಠ ಎರಡು ವರ್ಷ. ಸೊರಬದ ಕಡೆಯ ಹಳೆಯ ಮನೆಗಳಲ್ಲಿ ಅಜ್ಜನ ಕೋವಿ ಅಟ್ಟದ ಮೇಲೆಯೇ ಉಳಿದಿರುವುದುಂಟು. ಅಜ್ಜ ತೀರಿಕೊಂಡ ಮೇಲೆ ಅದನ್ನು ಠಾಣೆಗೆ ಒಪ್ಪಿಸಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. 2016ರ ನಿಯಮಗಳ ಪ್ರಕಾರ ಅಜ್ಜನಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ ಅವರಲ್ಲಿ 25 ವರ್ಷ ಇದ್ದರೆ, ಬದುಕಿರುವಾಗಲೇ ಮಗನ ಹೆಸರಿಗೆ ಕೇಳಬಹುದು. ಪಾಲಕರೇ, ಇದನ್ನು ಮುಂದೂಡಬೇಡಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕೋವಿಯ ಲೈಸೆನ್ಸ್ ಹಂದಿ ಕೊಲ್ಲುವ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಪ್ರತ್ಯೇಕವಾಗಿ ಬೇಕು. ಬಹುಪಾಲು ರೈತರಿಗೆ ಬೇಕಾದದ್ದು ಸದ್ದು ಮಾತ್ರ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು ನಳಿಗೆಯೊಳಗೆ ಕ್ಷಣದಲ್ಲಿ ಉರಿದು ಅನಿಲವಾಗಿ ಹಿಗ್ಗಿದಾಗ ಹೊರಡುವ ಆ ಢಮಾರ್ ಸದ್ದಿಗೆ ಹಿಂಡು ಕಾಡಿನತ್ತ ತಿರುಗುತ್ತದೆ. ಕೋವಿ ಇಲ್ಲದವನು ಏನು ಮಾಡುತ್ತಾನೆ? ಬೇಲಿಗೆ ಕಳ್ಳ ಕರೆಂಟು ಕೊಡುತ್ತಾನೆ, ಸಿಡಿಮದ್ದಿನ ಉಂಡೆ ಇಡುತ್ತಾನೆ. ಅದಕ್ಕೆ ದನವೂ ಒಂದೇ, ಮೇಯಿಸಲು ಹೋದ ಮಗುವೂ ಒಂದೇ. ಹೆಸರು, ನಂಬರು, ವಿಳಾಸ ದಾಖಲೆಯಲ್ಲಿರುವ ಕೋವಿಗಿಂತ ಇವು ಹೇಗೆ ಸುರಕ್ಷಿತವೋ ನನಗೆ ತಿಳಿಯದು. ಹಾಗೆಂದು ಕೋವಿಯನ್ನು ಮದ್ದು ತುಂಬಿಯೇ ಗೋಡೆಗೆ ನೇತುಹಾಕುವ ಮನೆಯನ್ನು ನಾನು ಒಪ್ಪುವುದಿಲ್ಲ. ಮದ್ದು ಬೇರೆ, ಕೋವಿ ಬೇರೆ, ಎರಡಕ್ಕೂ ಬೀಗ. 21 ತುಂಬದವರು ಅದನ್ನು ಮುಟ್ಟುವ ಮಾತೇ ಬೇಡ.

ಜೂನ್ ಮೂರನೆಯ ವಾರ ಆ ಹುಡುಗನ ಮನೆಗೆ ಕೋವಿ ಬಂತು. ಹೊತ್ತಿಗೆ ಸರಿಯಾಗಿ ನಮ್ಮ ಮೊದಲ ಪಾಠದಲ್ಲಿ ಲೋಹದ ಸವೆತ ನಡೆಯುತ್ತಿತ್ತು. ಕಬ್ಬಿಣ, ಆಮ್ಲಜನಕ, ತೇವ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಅವನು ಎದ್ದು ನಿಂತ. “ನಳಿಗೆಯೊಳಗೆಲ್ಲ ತುಕ್ಕು ಹಿಡಿದೈತೆ ಸಾರ್. ಅಪ್ಪ ಸೀಮೆಎಣ್ಣೆ ಹಾಕಿ ಉಜ್ಜಲಾ ಅಂತ ಕೇಳ್ತಾರೆ.”

ಮೊದಲು ಉಜ್ಜಿ, ಒರೆಸಿ, ಆಮೇಲೆ ತೆಳ್ಳಗೆ ಎಣ್ಣೆ ಸವರಲು ಹೇಳಿದೆ. ತುಕ್ಕು ನಳಿಗೆಯನ್ನು ತಿಂದಿದ್ದರೆ ಮದ್ದು ತುಂಬಬಾರದು, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿದ ಮೇಲೆಯೇ ಎಂದೂ ಬರೆದುಕೊಟ್ಟೆ.