ಮೂವರ ಮೇಳ

ಮೂವರು ಕೂಡಿ ನಡೆಯಿಸುವ ಕೆಲಸದಲ್ಲಿ ಒಬ್ಬರ ದನಿಯು ಇನ್ನೊಬ್ಬರ ದನಿಯನ್ನು ನುಂಗದಂತೆ ನೋಡಿಕೊಳ್ಳುವುದು ಸುಲಭವಲ್ಲವೆಂಬುದನ್ನು ಸಂಸಾರಸ್ಥರಾದ ನಮ್ಮ ವಾಚಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಆ ಮೂವರಲ್ಲಿ ಇಬ್ಬರು ಪತಿಪತ್ನಿಯರಾಗಿದ್ದು, ಮೂರನೆಯವರು ಹೊರಗಿನಿಂದ ಬಂದವರಾದರಂತೂ ಕಷ್ಟವು ಇಮ್ಮಡಿಯಾಗುವುದು. ಅಂತಹ ಒಂದು ಮೇಳವು ಒಡೆಯದೆ ಬಾಳಿರುವ ಬಗೆಯನ್ನು ಈ ತಿಂಗಳು ವಿಚಾರಮಾಡೋಣ.

ಅಮೆರಿಕಾ ದೇಶದಲ್ಲಿ, ನ್ಯೂಯಾರ್ಕ್ ನಗರಕ್ಕೆ ಎದುರಾಗಿ ಹಡ್ಸನ್ ನದಿಯ ಆಚೆಯ ದಡದಲ್ಲಿ, ಹೋಬೋಕನ್ ಎಂಬ ಚಿಕ್ಕ ಪಟ್ಟಣವುಂಟು. ಅಲ್ಲಿ 1984ನೆಯ ಇಸವಿಯಲ್ಲಿ ಐರಾ ಕಪ್ಲಾನ್, ಜಾರ್ಜಿಯಾ ಹಬ್ಲಿ ಎಂಬವರು ‘ಯೋ ಲಾ ಟೆಂಗೋ’ ಎಂಬ ರಾಕ್ ಸಂಗೀತದ ಮೇಳವನ್ನು ಕಟ್ಟಿದರು. ಕಪ್ಲಾನರು ಪತ್ರಿಕೆಗಳಿಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದವರು. ಹಬ್ಲಿಯವರು ಚಲಿಸುವ ಚಿತ್ರಗಳನ್ನು ರಚಿಸಿ ಪ್ರಸಿದ್ಧರಾದ ಜಾನ್ ಮತ್ತು ಫೇತ್ ಹಬ್ಲಿ ದಂಪತಿಗಳ ಮಗಳು. ಗಿಟಾರ್ ಆತನದು, ಡ್ರಮ್ ಆಕೆಯದು.

ಮೇಳದ ಹೆಸರಿಗೆ ಒಂದು ಕಥೆಯಿದೆ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎಂಬ ಬೇಸ್‌ಬಾಲ್ ತಂಡದಲ್ಲಿ ರಿಚಿ ಆಶ್‌ಬರ್ನ್ ಎಂಬ ಆಟಗಾರನಿದ್ದನು. ಮೇಲಿನಿಂದ ಬೀಳುವ ಚೆಂಡಿಗಾಗಿ ಆತನು ಓಡುವಾಗಲೆಲ್ಲ, ಸ್ಪ್ಯಾನಿಷ್ ಭಾಷೆಯೊಂದನ್ನೇ ಬಲ್ಲ ಎಲಿಯೊ ಚಾಕೋನನೂ ಓಡಿಬಂದು ಢಿಕ್ಕಿ ಹೊಡೆಯುವನು. ಇದಕ್ಕೆ ಉಪಾಯವಾಗಿ ಆಶ್‌ಬರ್ನನು ‘ಯೋ ಲಾ ಟೆಂಗೋ’, ಅಂದರೆ ‘ಚೆಂಡು ನನ್ನದು’ ಎಂದು ಕೂಗಲು ಕಲಿತನು. ಒಂದು ದಿನ ಹಾಗೆಯೇ ಕೂಗಲು ಚಾಕೋನನು ನಿಂತುಬಿಟ್ಟನು. ಆದರೆ ಸ್ಪ್ಯಾನಿಷ್ ಅರಿಯದ ಮತ್ತೊಬ್ಬ ಜೊತೆಗಾರನು ಬಂದು ಅಪ್ಪಳಿಸಿದನೆಂದು ಹೇಳುವರು. ನಗೆಯ ಮಾತೇ ಸರಿ. ಆದರೂ ಯಾರು ಮುಂದೆ ಬರಬೇಕು, ಯಾರು ತಡೆದು ನಿಲ್ಲಬೇಕು ಎಂಬ ಪ್ರಶ್ನೆಯೇ ಈ ಮೇಳದ ಸಂಗೀತವನ್ನು ರೂಪಿಸಿತೆಂದು ನಮಗೆ ತೋರುವುದು.

1986ರಲ್ಲಿ ಹೊರಬಂದ ‘ರೈಡ್ ದಿ ಟೈಗರ್’ ಎಂಬ ಮೊದಲನೆಯ ಆಲ್ಬಮ್ಮಿನಲ್ಲಿ ಮುಂದಾಗಿದ್ದುದು ಕಪ್ಲಾನರ ಕಂಠ. ಬಾಸ್ ಗಿಟಾರ್ ನುಡಿಸುವವರು ಒಬ್ಬರಾದ ಮೇಲೊಬ್ಬರು ಬಂದು ಹೋಗುತ್ತಿದ್ದರು. ಅಡಿಪಾಯವೇ ಹೀಗೆ ಕದಲುತ್ತಿದ್ದರೆ ಮನೆಯು ನಿಲ್ಲುವುದೆಂತು? 1992ರ ಆಲ್ಬಮ್ಮಿನ ಹೊತ್ತಿಗೆ ಜೇಮ್ಸ್ ಮೆಕ್‌ನ್ಯೂ ಎಂಬವರು ಸೇರಿಕೊಂಡರು. ಅಂದಿನಿಂದ ಮೂವರೂ ಬದಲಾಗಲಿಲ್ಲ. ಸಂಗೀತವು ತನ್ನ ನಿಜವಾದ ರೂಪವನ್ನು ಪಡೆದುದೂ ಆಗಲೇ.

1993ರ ‘ಪೇನ್‌ಫುಲ್’ ಎಂಬ ಆಲ್ಬಮ್ಮಿನಲ್ಲಿ ‘ಬಿಗ್ ಡೇ ಕಮಿಂಗ್’ ಎಂಬ ಒಂದೇ ಹಾಡು ಎರಡು ಸಲ ಬರುವುದು. ಮೊದಲನೆಯ ಸಲ ಆರ್ಗನ್ನಿನ ನೀಳವಾದ ನಾದವು ತಂಬೂರಿಯ ಶ್ರುತಿಯಂತೆ ಹರಿಯುತ್ತಿರಲು, ಕಂಠವು ಪಿಸುಮಾತಿನಷ್ಟು ಮೆಲ್ಲಗಿರುವುದು. ಎರಡನೆಯ ಸಲ ಗಿಟಾರುಗಳು ಸಿಡಿಲಿನಂತೆ ಮೊರೆಯುವುವು. ಮೆಲುದನಿಯೂ ಗರ್ಜನೆಯೂ ಒಂದೇ ಮನೆಯ ಮಕ್ಕಳೆಂದು ಇದರಿಂದ ತಿಳಿಯುವುದು. 1997ರ ‘ಐ ಕ್ಯಾನ್ ಹಿಯರ್ ದಿ ಹಾರ್ಟ್ ಬೀಟಿಂಗ್ ಆಸ್ ಒನ್’ ಎಂಬುದರಲ್ಲಿ ಮೂವರ ಕಂಠವೂ ಕೇಳಿಬರುವುದು. ವಾದ್ಯಗಳನ್ನೂ ಅವರು ಆಗಾಗ ಅದಲುಬದಲು ಮಾಡಿಕೊಳ್ಳುವರು. 2000ದ ಆಲ್ಬಮ್ಮಿನ ಕೊನೆಯಲ್ಲಿ ಹೋಬೋಕನ್ನಿನ ಇರುಳನ್ನು ಕುರಿತ ಹಾಡೊಂದಿದೆ. ಅದು ಹದಿನೇಳು ನಿಮಿಷಗಳಿಗೂ ಮೀರಿದ್ದರೂ ಅವಸರಪಡದು. ಜೋರಾದ ಗಿಟಾರಿನ ರೂಢಿಯಿಲ್ಲದವರು ಈ ಆಲ್ಬಮ್ಮಿನಿಂದ ತೊಡಗುವುದು ಮೇಲು.

ದೊಡ್ಡ ಕೀರ್ತಿಗಾಗಿ ಇವರು ತಮ್ಮ ಊರಿನವರನ್ನು ಬಿಡಲಿಲ್ಲವೆಂಬುದೂ ಗಮನಾರ್ಹ. ಹೋಬೋಕನ್ನಿನ ‘ಮ್ಯಾಕ್ಸ್‌ವೆಲ್ಸ್’ ಎಂಬ ಚಿಕ್ಕ ಸಂಗೀತಶಾಲೆಯಲ್ಲಿ 2001ರಿಂದ ಯೆಹೂದ್ಯರ ದೀಪೋತ್ಸವವಾದ ಹನುಕ್ಕಾದ ಎಂಟು ರಾತ್ರಿಗಳೂ ಕಚೇರಿ ನಡೆಸಿ, ಬಂದ ಹಣವನ್ನು ಧರ್ಮಕಾರ್ಯಗಳಿಗೆ ಕೊಡುತ್ತಿದ್ದರು. ಆ ಸ್ಥಳವು 2013ರಲ್ಲಿ ಮುಚ್ಚಿತು. ಕೆಲವು ವರ್ಷಗಳ ಬಳಿಕ, 2017ರಲ್ಲಿ, ಆ ಪದ್ಧತಿಯನ್ನು ನದಿಯ ಈಚೆಗೆ ನ್ಯೂಯಾರ್ಕಿನಲ್ಲಿ ಮರಳಿ ಆರಂಭಿಸಿದರು. ಒಂದು ರೇಡಿಯೋ ನಿಲಯದ ಸಹಾಯಾರ್ಥವಾಗಿ, ಹಣ ಕೊಟ್ಟ ಕೇಳುಗರು ಯಾವ ಹಾಡನ್ನು ಕೇಳಿದರೂ ಪೂರ್ವಸಿದ್ಧತೆಯಿಲ್ಲದೆ ನುಡಿಸಿ, ತಪ್ಪಿದಲ್ಲಿ ತಾವೇ ನಕ್ಕವರು ಇವರು.

2023ರಲ್ಲಿ ‘ದಿಸ್ ಸ್ಟುಪಿಡ್ ವರ್ಲ್ಡ್’ ಎಂಬ ಆಲ್ಬಮ್ಮನ್ನು ಹೊರಗಿನ ನಿರ್ಮಾಪಕರ ನೆರವಿಲ್ಲದೆ ಮೂವರೇ ಸಿದ್ಧಪಡಿಸಿದರು. ತಾರುಣ್ಯದ ಹುರುಪಿನಲ್ಲಿ ಕಟ್ಟಿದ ಎಷ್ಟೋ ಮೇಳಗಳು ಹಣ ಬಂದಾಗ ಒಡೆದುವು, ಹಣ ಬಾರದಾಗಲೂ ಒಡೆದುವು. ‘ಚೆಂಡು ನನ್ನದು’ ಎಂದು ಕೂಗುವವರು ಎಲ್ಲ ಮನೆಗಳಲ್ಲಿಯೂ ಇರುವರು. ಆ ಕೂಗಿನ ಅರ್ಥವನ್ನರಿತು ಒಂದು ಹೆಜ್ಜೆ ಹಿಂದೆ ನಿಲ್ಲುವವರು ಅಪರೂಪ. ಈ ಮೂವರು ಸರದಿಯಂತೆ ಕೂಗಿಯೂ ಇರುವರು, ನಿಂತೂ ಇರುವರು. ಅವರ ಹಾಡುಗಳಲ್ಲಿ ನಮಗೆ ಹಿಡಿಸಿದುದು ಗರ್ಜನೆಗಿಂತ ಹೆಚ್ಚಾಗಿ ಆ ನಿಲುಗಡೆಯೇ.