ಆರೋಗ್ಯ ಅಂಕಣ: ಒಂಬತ್ತಕ್ಕೆ ಇಳಿದ ಸಕ್ಕರೆ



ಬೇಸಿಗೆ ಬಂತೆಂದರೆ ಊರಿನಿಂದ ತಂದೆತಾಯಿಗಳು ಇಂಗ್ಲೆಂಡಿಗೆ ಬರುತ್ತಾರೆ. ಜೊತೆಗೆ ಅವರ ರಕ್ತಪರೀಕ್ಷೆಯ ರಿಪೋರ್ಟೂ ಬರುತ್ತದೆ. ನಮ್ಮ ಅಮ್ಮನ ರಿಪೋರ್ಟಿನಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 162 ಇತ್ತು. ಇಲ್ಲಿ ಪರೀಕ್ಷಿಸಿದಾಗ ಬಂದದ್ದು 9.0. "ಇಲ್ಲಿನ ಹವೆ ಒಗ್ಗಿತು ಕಣ್ರೋ, ಇನ್ನು ಮಾತ್ರೆ ಯಾಕೆ?" ಎಂದು ಅಮ್ಮ ಮೈಸೂರುಪಾಕಿಗೆ ಕೈ ಹಾಕಿದರು. ನಾವೂ ಹಿಗ್ಗಿದೆವು. ಆಮೇಲೆ ಕಂಡಿತು, ಅಂಕಿಯ ಪಕ್ಕದಲ್ಲಿ 'ಹೈ' ಎಂಬ ಗುರುತು!

ಊರಿನಲ್ಲಿ ಅಳೆಯುವುದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಇಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು. ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. 9.0 ಎಂದರೆ ಅದೇ 162. ಒಂದು ಚೂರೂ ಇಳಿದಿರಲಿಲ್ಲ! ಸಕ್ಕರೆ ಕಾಯಿಲೆಯ ಗೆರೆ ಅಲ್ಲಿ 126, ಇಲ್ಲಿ 7.0, ಎರಡೂ ಒಂದೇ. ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅಲ್ಲಿ ಶೇಕಡಾ 6.5, ಇಲ್ಲಿ 48. ಕೊಲೆಸ್ಟರಾಲಿಗಾದರೆ ಗುಣಿಸಬೇಕಾದದ್ದು 18 ಅಲ್ಲ, ಸುಮಾರು 39.

ಆದ್ದರಿಂದ ಅಂಕಿಗಿಂತ ಮೊದಲು ಅಳತೆಯನ್ನು ಓದೋಣ. ಎರಡೂ ರಿಪೋರ್ಟುಗಳನ್ನು ಡಾಕ್ಟರರಿಗೆ ತೋರಿಸೋಣ. ಅವರನ್ನು ಕೇಳದೆ ಮಾತ್ರೆ ಬಿಡುವುದು ಬೇಡ.

ಅಮ್ಮನ ಮಾತ್ರೆ ಮುಂದುವರಿದಿದೆ. ಮೈಸೂರುಪಾಕಿನ ಡಬ್ಬ ನಮ್ಮ ಪಾಲಿಗೆ ಬಂದಿದೆ.